ಮಾಗಳಿ ಬೇರು, ಗಾಜಿನ ಬಾಟಲಿ, ನಮ್ಮ ಕೈ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾತನಾಡಿದ್ದು. ಸಂಚಿಕೆಗಾಗಿ ಸ್ವಲ್ಪ ತಿದ್ದಿ ಬರೆದುಕೊಟ್ಟಿದ್ದೇನೆ.)



ಈ ಸಲ ನೀನೂ ಹತ್ತು ನಿಮಿಷ ಮಾತಾಡಬೇಕು ಅಂತ ಅಣ್ಣಂದಿರು ಹೇಳಿದಾಗ, ಯಾವ ವಿಷಯ ಅಂತ ಕೇಳಿದೆ. "ನಿನಗೆ ಗೊತ್ತಿರೋದು ಹೇಳಮ್ಮ" ಅಂದರು. ನಾನು ಓದುತ್ತಿರುವುದು ಬಿ.ಎ., ಅದರಲ್ಲಿ ಚರಿತ್ರೆ. ಆದರೆ ಇವತ್ತು ಚರಿತ್ರೆ ಹೇಳಲ್ಲ, ಗಿಡದ ವಿಷಯ ಹೇಳ್ತೀನಿ. ಬಿ.ಎ. ಹುಡುಗಿಗೆ ಗಿಡದ ವಿಷಯ ಯಾಕೆ ಅಂತ ಹಿಂದಿನ ಸಾಲಲ್ಲಿ ಯಾರೋ ನಗ್ತಾ ಇದ್ದೀರಿ, ಕಾಣಿಸ್ತು. ಕೊನೆವರೆಗೂ ಕೇಳಿ, ಆಮೇಲೆ ನಗಿ.

ಹೋದ ವರ್ಷ ಕಾಲೇಜಿನ ರಜೆಯಲ್ಲಿ, ಆಮೇಲೆ ಭಾನುವಾರಗಳಲ್ಲಿ, ಹೊಸೂರು ಕಡೆಯ ಒಂದು ಟಿಶ್ಯೂ ಕಲ್ಚರ್ ಲ್ಯಾಬಿನಲ್ಲಿ ನಾನು ಕೆಲಸ ಮಾಡಿದೆ. ನಮ್ಮ ಕಡೆ ಹುಡುಗಿಯರಿಗೆ ಇದು ಹೊಸದಲ್ಲ. ಪಾಲಿಹೌಸಿನಲ್ಲಿ ಗುಲಾಬಿ ಕೊಯ್ಯೋಕೆ, ಜರ್ಬೆರಾ ಕಟ್ಟೋಕೆ ನಮ್ಮ ಮನೆಗಳಿಂದ ದಿನಾ ವ್ಯಾನು ಹತ್ತಿ ಹೋಗುವವರು ಎಷ್ಟು ಜನ ಇದ್ದಾರೆ! ಆ ಜರ್ಬೆರಾ ಸಸಿ, ಈಗ ಎಲ್ಲಾ ತೋಟಕ್ಕೂ ಬರೋ ಬಾಳೆ ಸಸಿ, ಇವೆಲ್ಲ ಮೊದಲು ಹುಟ್ಟೋದು ಗಾಜಿನ ಬಾಟಲಿಯಲ್ಲಿ. ಅಂಥ ಒಂದು ಬಾಟಲಿ ಬೂಷ್ಟು ಬಂದು ಬಿಸಾಕೋಕೆ ಇಟ್ಟಿದ್ದರು. ಕೇಳಿಕೊಂಡು ಮನೆಗೆ ತಂದೆ. ಒಳಗೆ ಬೆರಳುದ್ದದ ಜರ್ಬೆರಾ ಸಸಿಗಳು. ನಮ್ಮ ಅಜ್ಜಿ ಅದನ್ನು ದೀಪದ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು: "ನಮ್ಮ ಮಾಗಳಿನೂ ಹಿಂಗೆ ಬರ್ತದೇನೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಆ ಉತ್ತರ ಹುಡುಕಿಕೊಂಡು ಹೋದಾಗ ಸಿಕ್ಕಿದ್ದನ್ನೇ ಇವತ್ತು ನಿಮ್ಮ ಮುಂದೆ ಹೇಳ್ತಾ ಇದ್ದೀನಿ.

ಮಾಗಳಿ ಬೇರು ಚಿಕ್ಕವರಿಗೆ ಗೊತ್ತಿಲ್ಲದಿರಬಹುದು. ಕೆಲವರು ಮಾಕಳಿ ಅಂತಾರೆ. ತಮಿಳಲ್ಲಿ ಮಾಕಾಳಿ ಕಿಳಂಗು, ತೆಲುಗಲ್ಲಿ ಮಾರೆಡು ಗಡ್ಡಲು. ಮೂರು ಭಾಷೆ ಆಡೋ ನಮ್ಮ ಊರಿಗೆ ಮೂರು ಹೆಸರೂ ಬೇಕು. ವಿಜ್ಞಾನದವರು ಡೆಕಾಲೆಪಿಸ್ ಹ್ಯಾಮಿಲ್ಟೋನಿಯೈ ಅಂತಾರೆ. ಕಲ್ಲುಗುಡ್ಡದ ಬಂಡೆ ಸಂದಿಯಲ್ಲಿ ಹಬ್ಬೋ ಬಳ್ಳಿ. ಕಿತ್ತರೆ ಹಾಲು ಬರುತ್ತೆ. ನೆಲದೊಳಗೆ ಗೆಣಸಿನ ಹಾಗೆ ದಪ್ಪ ಬೇರುಗಳು, ಜೋರು ವಾಸನೆ. ಒಂದು ಸಲ ಮುಟ್ಟಿದರೆ ಕೈಯಿಂದ ಎರಡು ದಿನ ಹೋಗಲ್ಲ. ಮೇಲಿನ ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಸಣ್ಣಗೆ ಹೆಚ್ಚಿ, ನಿಂಬೆಹುಳಿಯಲ್ಲೋ ಮೊಸರಲ್ಲೋ ಹಾಕಿದರೆ ಉಪ್ಪಿನಕಾಯಿ. ವರ್ಷಗಟ್ಟಲೆ ಕೆಡಲ್ಲ. ನನ್ನಾರಿ ಶರಬತ್ತು ಅಂತ ಕುಡಿಯೋದರಲ್ಲೂ ಎಷ್ಟೋ ಕಡೆ ಇದೇ ಬೇರು ಇರುತ್ತೆ.

ನಮ್ಮ ಅಜ್ಜಿಯ ತವರು ಅಂಚೆಟ್ಟಿ ಕಡೆ, ಗುಡ್ಡದ ಬುಡ. ಅಜ್ಜಿ ಹುಡುಗಿಯಾಗಿದ್ದಾಗ ಕೂಲಿ ಇಲ್ಲದ ತಿಂಗಳಲ್ಲಿ ಹೆಂಗಸರೆಲ್ಲ ಹಾರೆ ಹಿಡಿದು ಗುಡ್ಡ ಹತ್ತುತ್ತಿದ್ದರಂತೆ. ಬೇರು ಕಿತ್ತು, ಮಣ್ಣು ಕೊಡವಿ, ಗೋಣಿಚೀಲದಲ್ಲಿ ಹೊತ್ತು ಪೇಟೆಗೆ ತರುತ್ತಿದ್ದರು. ಕೊಳ್ಳುವ ಮನೆಯ ಮುಂಬಾಗಿಲಿಗೆ ಹೋಗುವ ಹಾಗಿಲ್ಲ. ಹಿತ್ತಲಲ್ಲಿ ಚೀಲ ಸುರಿದು ದೂರ ನಿಲ್ಲಬೇಕು. ಆ ಮನೆಯವರು ಬೇರಿನ ಮೇಲೆ ನೀರು ಚಿಮುಕಿಸಿ ಒಳಗೆ ತಗೊಂಡು ಹೋಗೋರು. ದುಡ್ಡು ಮೇಲಿಂದ ಬಿಡೋರು, ಅಜ್ಜಿ ಸೆರಗೊಡ್ಡಿ ಹಿಡಿಯೋಳು. "ಬೇರು ಒಳಕ್ಕೆ ಹೋಗ್ತಿತ್ತು, ನಾವು ಹೊರಗೆ ನಿಂತ್ಕೊತಿದ್ವಿ" ಅಂತ ಅಜ್ಜಿ ಈಗಲೂ ಹೇಳ್ತಾಳೆ. ಸಿಟ್ಟಿನಿಂದಲ್ಲ, ಸುಮ್ಮನೆ ಹೇಳ್ತಾಳೆ. ಕೇಳಿದ ನನಗೆ ಸಿಟ್ಟು ಬರುತ್ತೆ.

ಅಜ್ಜಿಗೆ ಒಂದು ಲೆಕ್ಕ ಇತ್ತು. ಪಕ್ಕದ ಬೇರು ಮಾತ್ರ ಕೀಳಬೇಕು, ನಡುವಿನ ತಾಯಿಬೇರು ಬಿಡಬೇಕು, ಗುಂಡಿಗೆ ಮತ್ತೆ ಮಣ್ಣು ಎಳೆಯಬೇಕು. "ಎಲ್ಲಾ ಕಿತ್ಕೊಂಡ್ರೆ ಬರೋ ವರ್ಷ ಬಂದು ಏನ್ ಕಿತ್ತೀಯ?" ಅನ್ನೋದು ಅವಳ ಮಾತು. ಆಮೇಲೆ ಬೇರಿಗೆ ಬೇಡಿಕೆ ಜಾಸ್ತಿಯಾಯಿತು. ಚೀಲ ತುಂಬಿದಷ್ಟು ದುಡ್ಡು ಅಂದಾಗ ಹೊಟ್ಟೆ ಹಸಿದವರು ತಾಯಿಬೇರು ಬಿಡ್ತಾರಾ? ಬುಡಸಮೇತ ಕಿತ್ತರು. ಬೇರು ತೆಗೆದರೆ ಬಳ್ಳಿಯೇ ಸತ್ತಹಾಗೆ. ಬೀಜದಿಂದ ಏಳೋದು ಕಡಿಮೆ. ಕಡ್ಡಿ ನೆಟ್ಟರೆ ಸುಲಭವಾಗಿ ಬೇರು ಬಿಡಲ್ಲ. ಹೀಗಾಗಿ ಗುಡ್ಡದಲ್ಲಿ ಕಮ್ಮಿಯಾಗ್ತಾ ಬಂತು. ಇನ್ನೊಂದು ಕಡೆ, 2014ರಲ್ಲಿ ನಮ್ಮ ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಕಾಡಿನಲ್ಲಿ ಕಾವೇರಿ ಉತ್ತರ ವನ್ಯಜೀವಿ ಧಾಮ ಆಯಿತು. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇರು ಮುಗಿದಿದ್ದಕ್ಕೆ ಕಳ್ಳರು ಅಂತ ಹೆಸರು ಬಂದಿದ್ದು ಹಾರೆ ಹಿಡಿದವರಿಗೆ. ಚೀಲ ಕೊಂಡವರ ಹೆಸರು, ಉಪ್ಪಿನಕಾಯಿ ತಿಂದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಈಗ ಬಾಟಲಿಯ ವಿಷಯಕ್ಕೆ ಬರೋಣ.

ಗಿಡದ ಒಂದು ಚೂರಿನಿಂದ, ಒಂದು ಜೀವಕೋಶದಿಂದ ಕೂಡ, ಇಡೀ ಗಿಡ ಬರಬಹುದು ಅಂತ 1902ರಲ್ಲೇ ಹೇಬರ್‌ಲಾಂಟ್ ಅನ್ನೋ ಆಸ್ಟ್ರಿಯಾದ ವಿಜ್ಞಾನಿ ಹೇಳಿದ್ದರು. ಅವರ ಕೈಯಲ್ಲಿ ಅದು ಆಗಲಿಲ್ಲ. ಅರುವತ್ತು ವರ್ಷ ಆದಮೇಲೆ, 1962ರಲ್ಲಿ, ಮುರಾಶಿಗೆ ಮತ್ತು ಸ್ಕೂಗ್ ಅನ್ನೋ ಇಬ್ಬರು ಹೊಗೆಸೊಪ್ಪಿನ ಗಿಡದ ಮೇಲೆ ಕೆಲಸ ಮಾಡಿ, ಗಿಡದ ಚೂರಿಗೆ ಏನೇನು ಊಟ ಎಷ್ಟೆಷ್ಟು ಕೊಡಬೇಕು ಅಂತ ಒಂದು ಪಟ್ಟಿ ಮಾಡಿದರು. ಇವತ್ತಿಗೂ ಹೊಸೂರಿನ ಲ್ಯಾಬಿನಲ್ಲಿ ಎಂ.ಎಸ್. ಮೀಡಿಯಾ ಅನ್ನೋದು ಅವರಿಬ್ಬರ ಹೆಸರಿನದೇ. ನಮ್ಮ ದೇಶದವರೂ ಇದ್ದಾರೆ. 1964ರಲ್ಲಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಶಿಪ್ರಾ ಗುಹಾ ಅನ್ನೋ ಹೆಣ್ಣುಮಗಳು ಮಹೇಶ್ವರಿಯವರ ಜೊತೆ ಸೇರಿ, ನಮ್ಮ ತಿಪ್ಪೆ ಪಕ್ಕ ಬೆಳೆಯೋ ಉಮ್ಮತ್ತಿ ಗಿಡದ ಹೂವಿನ ಪರಾಗದಿಂದಲೇ ಗಿಡ ಬರಿಸಿ ಲೋಕಕ್ಕೆ ತೋರಿಸಿದರು. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲಕ್ಷ್ಮೀ ಸೀತಾ ಮತ್ತು ಜೊತೆಗಾರರು ಶ್ರೀಗಂಧದ ಚಿಗುರಿನಿಂದ ಹೀಗೇ ಸಸಿ ಮಾಡಿದರು.

ಕೆಲಸ ಹೇಗೆ ಅಂತ ಹೇಳ್ತೀನಿ. ಅಡುಗೆ ಮನೆ ಗೊತ್ತಿರೋರಿಗೆ ಇದು ಕಷ್ಟ ಅಲ್ಲ. ಒಂದು ಲೀಟರ್ ನೀರಿಗೆ ಆ ಪಟ್ಟಿಯಲ್ಲಿರೋ ಉಪ್ಪುಗಳು, ವಿಟಮಿನ್ನು, 30 ಗ್ರಾಂ ಸಕ್ಕರೆ. ಗಟ್ಟಿಯಾಗೋಕೆ ಕಡಲ ಪಾಚಿಯಿಂದ ಮಾಡಿದ ಅಗಾರ್, ಸುಮಾರು 8 ಗ್ರಾಂ. ಬಿಸಿಯಲ್ಲಿ ನೀರಾಗಿರುತ್ತೆ, ಆರಿದ ಮೇಲೆ ಗಿಣ್ಣಿನ ಹಾಗೆ ಗಟ್ಟಿಯಾಗುತ್ತೆ. ಬಾಟಲಿಗೆ ಸುರಿದು ಆಟೋಕ್ಲೇವಿನಲ್ಲಿ ಇಡ್ತಾರೆ. ಅದು ದೊಡ್ಡ ಪ್ರೆಷರ್ ಕುಕ್ಕರ್ ಅಷ್ಟೇ. 121 ಡಿಗ್ರಿ ಬಿಸಿ, ಹದಿನೈದು ಇಪ್ಪತ್ತು ನಿಮಿಷ. ಒಳಗಿನ ಕ್ರಿಮಿಯೆಲ್ಲ ಸಾಯಬೇಕು. ಯಾಕೆಂದರೆ ಸಕ್ಕರೆ ಇರೋ ಕಡೆ ಬೂಷ್ಟು ಮೊದಲು ಬಂದು ಊಟ ಮಾಡಿಬಿಡುತ್ತೆ, ಗಿಡ ಉಪವಾಸ ಸಾಯುತ್ತೆ.

ಆಮೇಲೆ ಗಿಡದ ಎಳೆ ತುದಿಯನ್ನು ತೊಳೆದು, ಔಷಧಿ ನೀರಿನಲ್ಲಿ ಅದ್ದಿ, ಶುದ್ಧ ಗಾಳಿ ಬೀಸುವ ಪೆಟ್ಟಿಗೆಯ ಮುಂದೆ ಕೂತು, ಬೆಂಕಿಯಲ್ಲಿ ಕಾಸಿದ ಬ್ಲೇಡಿನಿಂದ ಕತ್ತರಿಸಿ, ಚಿಮಟದಲ್ಲಿ ಹಿಡಿದು ಬಾಟಲಿಯಲ್ಲಿ ನೆಡಬೇಕು. ಆ ಪೆಟ್ಟಿಗೆಗೆ ಲ್ಯಾಮಿನಾರ್ ಅಂತಾರೆ. ಮೀಡಿಯಾದಲ್ಲಿ ಎರಡು ಥರದ ಹಾರ್ಮೋನು ಹಾಕ್ತಾರೆ. ಒಂದು ಜಾಸ್ತಿಯಾದರೆ ಚಿಗುರು, ಇನ್ನೊಂದು ಜಾಸ್ತಿಯಾದರೆ ಬೇರು. ಒಂದು ಚಿಗುರು ನಾಲ್ಕಾಗುತ್ತೆ. ಮೂರು ನಾಲ್ಕು ವಾರಕ್ಕೆ ಮತ್ತೆ ಬೇರ್ಪಡಿಸಿ ನೆಟ್ಟರೆ ನಾಲ್ಕು ಹದಿನಾರಾಗುತ್ತೆ. ಲೆಕ್ಕ ನೀವೇ ಹಾಕಿ.

ನನ್ನನ್ನು ಮೊದಲು ಹಾಕಿದ್ದು ಬಾಟಲಿ ತೊಳೆಯೋಕೆ. ನನ್ನ ಜೊತೆ ಸೇರಿದ ಇನ್ನಿಬ್ಬರು ಹುಡುಗಿಯರು ಒಂದೇ ವಾರಕ್ಕೆ ಲ್ಯಾಮಿನಾರ್ ಮುಂದೆ ಕೂತರು. ನಾನು ತೊಳೀತಾನೇ ಇದ್ದೆ. ಅವರು ಪಿಯುಸಿ, ನಾನು ಕಾಲೇಜು. ಒಂದು ದಿನ ಮೇಲ್ವಿಚಾರಕರು "ನಿಮ್ಮದು ಯಾವ ಊರು? ಊರೊಳಗಾ, ಆಚೆ ಕಡೆನಾ?" ಅಂತ ಕೇಳಿದರು. ಆ ಪ್ರಶ್ನೆ ನಿಮಗೆಲ್ಲ ಗೊತ್ತು. ನಾನು "ಆಚೆ ಕಡೆ ಸಾರ್, ಕೇರಿ" ಅಂತಲೇ ಹೇಳಿದೆ. ಅವರು ಏನೂ ಹೇಳಲಿಲ್ಲ. ನಾನು ಇನ್ನೂ ಮೂರು ವಾರ ಬಾಟಲಿ ತೊಳೆದೆ. ಇದನ್ನು ಯಾರ ಮೇಲೂ ದೂರು ಹೇಳೋಕೆ ಹೇಳ್ತಿಲ್ಲ. ಮುಂದೆ ಆಗಿದ್ದು ಗೊತ್ತಾಗಲಿ ಅಂತ ಹೇಳ್ತಾ ಇದ್ದೀನಿ.

ಒಂದು ಹಬ್ಬದ ಮಾರನೇ ದಿನ ಜನ ಬರಲಿಲ್ಲ, ನನ್ನನ್ನೂ ಕೂರಿಸಿದರು. ಬಳೆ ತೆಗಿ, ಹೂವು ತೆಗಿ, ಕೈ ಮೊಣಕೈವರೆಗೆ ಸೋಪಲ್ಲಿ ತೊಳಿ, ಸ್ಪಿರಿಟ್ ಹಚ್ಚು, ತಲೆಗೆ ಟೋಪಿ, ಬಾಯಿಗೆ ಮಾಸ್ಕು. ಎಲ್ಲರಿಗೂ ಒಂದೇ ನಿಯಮ. ಆ ದಿನ ನಾನು 40 ಬಾಟಲಿ ಮಾಡಿದೆ. ಒಂದು ವಾರಕ್ಕೆ 11 ಬಾಟಲಿಯಲ್ಲಿ ಬೂಷ್ಟು. ಚಿಮಟ ಆರೋ ಮುಂಚೆ, ಕಾಸೋ ಮುಂಚೆ ಗಡಿಬಿಡಿ ಮಾಡಿದ್ದೆ, ಬಾಟಲಿಯ ಬಾಯಿ ಮೇಲೇ ಕೈ ಆಡಿಸಿದ್ದೆ. ತಪ್ಪು ನನ್ನದೇ. ಪಕ್ಕದ ಅಕ್ಕ ಒಬ್ಬರು ಹೇಳಿಕೊಟ್ಟರು: "ಕೈ ಯಾವತ್ತೂ ಬಾಟಲಿ ಹಿಂದೆ ಇರಲಿ, ಮುಂದೆ ಬರಬಾರದು. ಗಾಳಿ ಎತ್ತಲಿಂದ ಬರ್ತಿದೆ ಅಂತ ನೆನಪಿಟ್ಟುಕೋ." ತಿಂಗಳು ಕಳೆಯೋ ಹೊತ್ತಿಗೆ ನನ್ನ 50 ಬಾಟಲಿಯಲ್ಲಿ ಒಂದೋ ಎರಡೋ ಹೋಗ್ತಿತ್ತು. ಆಮೇಲೆ ನನ್ನನ್ನು ಯಾರೂ ಬಾಟಲಿ ತೊಳೆಯೋಕೆ ಕಳಿಸಲಿಲ್ಲ.

ಯಾಕೆ ಗೊತ್ತಾ? ಪ್ರತಿ ಬಾಟಲಿ ಮೇಲೆ ತಾರೀಖು, ಮಾಡಿದವರ ನಂಬರು ಬರೀತಾರೆ. ನನ್ನದು 17. ಬೂಷ್ಟು ಬಂದರೆ ಯಾರ ಕೈ ಅಂತ ನಂಬರ್ ಹೇಳುತ್ತೆ, ಬರದಿದ್ದರೂ ಹೇಳುತ್ತೆ. ಆ ನಂಬರಿನ ಪಕ್ಕ ಜಾತಿ ಬರೆಯಲ್ಲ. ಬೂಷ್ಟಿಗೆ ಯಾರ ಜಾತಿಯೂ ಗೊತ್ತಿಲ್ಲ. ತೊಳೆಯದ ಕೈ ಯಾವ ಮನೆಯದ್ದಾದರೂ ಅದರ ಮೇಲಿಂದ ಬಾಟಲಿಗೆ ಇಳಿಯುತ್ತೆ, ತೊಳೆದ ಕೈಯಿಂದ ಇಳಿಯಲ್ಲ.

ಅವತ್ತು ನನಗೆ ನಾನು ಓದುವ ಚರಿತ್ರೆ ನೆನಪಾಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ್ ಕೆರೆಯ ನೀರು ಮುಟ್ಟಿ ಕುಡಿದರು. ಆಮೇಲೆ ಆ ಊರಿನ ಮೇಲ್ಜಾತಿಯವರು ಕೆರೆ ಮೈಲಿಗೆಯಾಯಿತು ಅಂತ ಶುದ್ಧಿ ಮಾಡಿದರು. ಕೆರೆಯಲ್ಲಿ ದನ ಕುಡಿದರೆ ಆಗದ ಮೈಲಿಗೆ ಮನುಷ್ಯ ಮುಟ್ಟಿದರೆ ಆಯಿತು. ಅದು ಹುಟ್ಟಿನ ಮಡಿ. ಎಷ್ಟು ತೊಳೆದರೂ ನಮಗೆ ಸಿಗದ ಮಡಿ. ಲ್ಯಾಬಿನಲ್ಲೂ "ಮುಟ್ಟಬೇಡ" ಅಂತಾರೆ, ಆದರೆ ಅದು ಎಲ್ಲರಿಗೂ. ತೊಳೆದುಕೊಂಡು ಬಂದವರು ಯಾರು ಬೇಕಾದರೂ ಮುಟ್ಟಬಹುದು. ಇದು ಕೆಲಸದ ಶುಚಿ. ಈ ಎರಡಕ್ಕೂ ಇರೋ ವ್ಯತ್ಯಾಸ ನಮ್ಮ ಮಕ್ಕಳಿಗೆ ಹೇಳಿಕೊಡಬೇಕು. ವಿಜ್ಞಾನ ಕಲಿತವರು ಜಾತಿ ಬಿಟ್ಟುಬಿಡ್ತಾರೆ ಅಂತ ನಾನು ಹೇಳಲ್ಲ. ನನ್ನನ್ನು ಊರೊಳಗಾ ಆಚೆನಾ ಅಂತ ಕೇಳಿದವರೂ ವಿಜ್ಞಾನ ಓದಿದವರೇ. ಆದರೆ ಆ ಬಾಟಲಿ ನನ್ನ ಪರವಾಗಿ ಸಾಕ್ಷಿ ಹೇಳ್ತು.

ಈಗ ಅಜ್ಜಿಯ ಪ್ರಶ್ನೆ. ಮಾಗಳಿ ಬಾಟಲಿಯಲ್ಲಿ ಬರುತ್ತಾ? ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಹತ್ತಿರ ಹೋಗಿ ಕೇಳಿದೆ. ಅವರು ಹುಡುಕಿ ತೋರಿಸಿದರು. ಬರುತ್ತೆ! ನಮಗೆ ದೂರ ಅಲ್ಲ, ಮೈಸೂರಿನಲ್ಲೇ. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಸಿಎಫ್‌ಟಿಆರ್‌ಐ ಅಂತಾರಲ್ಲ, ಅಲ್ಲಿ ರವಿಶಂಕರ್, ಗಿರಿಧರ್ ಮುಂತಾದ ವಿಜ್ಞಾನಿಗಳು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಚಿಗುರು ಬರಿಸಿದರೂ ಬೇರು ಬರಿಸೋದೇ ಕಷ್ಟ. ಸಿಲ್ವರ್ ನೈಟ್ರೇಟ್ ಹಾಕಿದರೆ ಬಾಟಲಿಯೊಳಗೆ ಬೇರು ಬಿಡೋದಕ್ಕೆ ಸಹಾಯ ಆಗುತ್ತೆ ಅಂತ 2000ದಲ್ಲಿ ಪ್ರಕಟಿಸಿದರು. 2003ರಲ್ಲಿ ಫೀನೈಲ್ ಅಸೆಟಿಕ್ ಆಮ್ಲ ಅನ್ನೋ ಇನ್ನೊಂದು ವಸ್ತು ಬಳಸಿ ಸಸಿ ಹೆಚ್ಚಿಸೋ ದಾರಿ ಬರೆದರು. ಆ ಲೇಖನದ ಹೆಸರಿನಲ್ಲೇ ಮಾಗಳಿಯನ್ನು ಅಳಿವಿನಂಚಿನ ಪೊದೆ ಅಂತ ಕರೆದಿದ್ದಾರೆ. ಅಜ್ಜಿ ಮೂಟೆಗಟ್ಟಲೆ ಹೊತ್ತ ಬೇರಿಗೆ ಆ ಹೆಸರು ಬಂದಿತ್ತು.

ಹಾಗಾದರೆ ಮಾಗಳಿ ಉಳೀತಾ? ಇಲ್ಲ. ಇಲ್ಲೇ ನಾವು ಜಾಗ್ರತೆಯಾಗಿ ಯೋಚಿಸಬೇಕು.

ಬಾಟಲಿಯಲ್ಲಿ ಗಿಡ ಹೆಚ್ಚಿಸೋದು ಅರ್ಧ ಕೆಲಸ. ಒಳಗೆ ಯಾವಾಗಲೂ ತೇವ, ಸುಮಾರು 25 ಡಿಗ್ರಿ, ಸಕ್ಕರೆ ಊಟ. ಆ ಎಲೆಗಳ ಮೇಲೆ ಮೇಣದ ಪದರ ಸರಿಯಾಗಿ ಬಂದಿರಲ್ಲ. ಹಾಗೇ ತಂದು ಬಿಸಿಲಿಗಿಟ್ಟರೆ ಸಾಯಂಕಾಲಕ್ಕೆ ಬಾಡಿಹೋಗುತ್ತೆ. ತೆಂಗಿನ ನಾರಿನ ಪುಡಿಯಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಹೊದಿಸಿ, ವಾರವಾರ ಸ್ವಲ್ಪ ಸ್ವಲ್ಪ ಗಾಳಿ ಬಿಸಿಲು ತೋರಿಸಿ ಗಟ್ಟಿ ಮಾಡಬೇಕು. ಹಾರ್ಡನಿಂಗ್ ಅಂತಾರೆ. ಆಮೇಲೆ ಗುಡ್ಡಕ್ಕೆ ಹೋಗಬೇಕು. ಅಲ್ಲಿ ಬಂಡೆ, ಬೇಸಗೆ, ಆನೆ, ದನ ಎಲ್ಲ ಇರುತ್ತೆ.

ಇನ್ನೊಂದು ಇದೆ. ಒಂದೇ ತಾಯಿಗಿಡದಿಂದ ಸಾವಿರ ಸಸಿ ಮಾಡಿದರೆ ಸಾವಿರವೂ ಒಂದೇ ಗುಣ. ತೋಟಕ್ಕೆ ಅದು ಒಳ್ಳೆಯದು, ಹೂವೆಲ್ಲ ಒಂದೇ ಅಳತೆ ಬರುತ್ತೆ. ಕಾಡಿಗೆ ಅದು ಕೆಟ್ಟದ್ದು. ಒಂದು ರೋಗ ಬಂದರೆ ಎಲ್ಲಾ ಒಟ್ಟಿಗೆ ಹೋಗುತ್ತೆ. ಅದಕ್ಕೇ ಬೇರೆ ಬೇರೆ ಗುಡ್ಡದ ಬೇರೆ ಬೇರೆ ತಾಯಿಗಿಡದಿಂದ ಚಿಗುರು ತರಬೇಕು. ಆ ತಾಯಿಗಿಡ ಎಲ್ಲಿವೆ? ಯಾವ ಬಂಡೆಯ ಯಾವ ಕಡೆ? ಅದು ಲ್ಯಾಬಿನಲ್ಲಿ ಕೂತವರಿಗೆ ಗೊತ್ತಿರಲ್ಲ. ಹಾರೆ ಹಿಡಿದು ಗುಡ್ಡ ಸುತ್ತಿದವರಿಗೆ ಗೊತ್ತು.

ಕೇರಳದಲ್ಲಿ ಇದರ ಒಂದು ಉದಾಹರಣೆ ಇದೆ. ಮಾಗಳಿಯ ತಂಗಿ ಅನ್ನಬಹುದಾದ ಇನ್ನೊಂದು ಗಿಡ, ಡೆಕಾಲೆಪಿಸ್ ಅರಯಾಲ್‌ಪತ್ರ, ಅಗಸ್ತ್ಯಮಲೆ ಕಡೆಯ ಬೆಟ್ಟಗಳಲ್ಲಿದೆ. ಅಲ್ಲಿನ ಕಾಣಿ ಬುಡಕಟ್ಟಿನವರು ಅದರ ಬೇರನ್ನು ಔಷಧಿಗೆ ಬಳಸ್ತಾರೆ. ತಿರುವನಂತಪುರದ ಹತ್ತಿರ ಪಾಲೋಡಿನಲ್ಲಿರುವ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯವರು ಅದನ್ನು ಬಾಟಲಿಯಲ್ಲಿ ಬೆಳೆಸಿ, ಮತ್ತೆ ಕಾಡಿನಲ್ಲಿ ನೆಟ್ಟು, 2005ರಲ್ಲಿ ಆ ಕೆಲಸ ಪ್ರಕಟಿಸಿದರು. ಅಂದರೆ ಬಾಟಲಿಯಿಂದ ಬೆಟ್ಟಕ್ಕೆ ವಾಪಸ್ ಕಳಿಸೋದು ಸಾಧ್ಯ.

ಅದೇ ಸಂಸ್ಥೆಯಲ್ಲಿ ಇನ್ನೊಂದು ಸಂಗತಿ ನಡೆದಿದೆ. 1987ರಲ್ಲಿ ವಿಜ್ಞಾನಿಗಳು ಬೆಟ್ಟ ಹತ್ತುವಾಗ ಸುಸ್ತಾದರು. ದಾರಿ ತೋರಿಸೋಕೆ ಬಂದಿದ್ದ ಕಾಣಿಗಳು ಒಂದು ಗಿಡದ ಕಾಯಿ ತಿನ್ನುತ್ತಾ ಸುಸ್ತಿಲ್ಲದೆ ನಡೀತಿದ್ದರು. ಅದು ಆರೋಗ್ಯಪಚ್ಚ. ಅದರಿಂದ ಜೀವನಿ ಅನ್ನೋ ಔಷಧಿ ಮಾಡಿ 1995ರಲ್ಲಿ ಒಂದು ಔಷಧಿ ಕಂಪನಿಗೆ ಪರವಾನಗಿ ಕೊಟ್ಟಾಗ, ಬಂದ ಹಣದಲ್ಲಿ ಅರ್ಧ ಕಾಣಿಗಳಿಗೆ ಅಂತ ನಿರ್ಧಾರ ಮಾಡಿದರು. 1997ರಲ್ಲಿ ಅವರ ಟ್ರಸ್ಟ್ ನೋಂದಣಿಯಾಯಿತು. ಆ ಒಪ್ಪಂದದಲ್ಲೂ ಕೊರತೆಗಳಿದ್ದವು, ಕಾಣಿಗಳಲ್ಲೇ ಎಲ್ಲರೂ ಒಪ್ಪಿರಲಿಲ್ಲ. ಆದರೂ ಗಿಡ ತೋರಿಸಿದವರಿಗೆ ಪಾಲು ಕೊಡಬೇಕು ಅನ್ನೋ ಮಾತು ಕಾಗದದ ಮೇಲೆ ಬಂತು. ನಮ್ಮ ಅಜ್ಜಿಯರಿಗೆ ಯಾರು ಯಾವ ಕಾಗದ ಬರೆದುಕೊಟ್ಟರು?

ಆದ್ದರಿಂದ ಸಂಘದ ಮುಂದೆ ನಾನು ಮೂರು ಕೆಲಸ ಇಡ್ತೀನಿ.

ಒಂದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಬೇರು, ಅದರ ತಿಳಿವಳಿಕೆ ಎಲ್ಲ ಒಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಕೇಂದ್ರದ 2004ರ ನಿಯಮದಲ್ಲಿ ಆ ಸಮಿತಿಯ ಸದಸ್ಯರಲ್ಲಿ ಮೂರರಲ್ಲಿ ಒಂದು ಭಾಗ ಹೆಂಗಸರು, ಶೇಕಡ 18 ಪರಿಶಿಷ್ಟ ಜಾತಿ, ಪಂಗಡದವರು ಇರಬೇಕು ಅಂತ ಬರೆದಿದ್ದರು. ನಮ್ಮ ಪಂಚಾಯಿತಿಯಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ? ಹೋಗಿ ಕೇಳೋಣ. ನಮ್ಮ ಹಿರಿಯರ ಮಾತು ಆ ಪುಸ್ತಕದಲ್ಲಿ ಅವರ ಹೆಸರಲ್ಲೇ ಬರಲಿ.

ಎರಡು. ಲ್ಯಾಬಿನಲ್ಲಿ ಕೆಲಸ ಮಾಡೋ ನಮ್ಮ ಹುಡುಗಿಯರು ಬಾಟಲಿ ತೊಳೆದು, ಚಿಗುರು ಕತ್ತರಿಸಿ, ಸಂಬಳ ಎಣಿಸಿ ಸುಮ್ಮನಾಗಬಾರದು. ಮೀಡಿಯಾ ಮಾಡೋದು ಕಲೀರಿ, ಹಾರ್ಮೋನಿನ ಲೆಕ್ಕ ಕಲೀರಿ. ಹತ್ತನೇ ತರಗತಿ ಮುಗಿಸೋ ತಂಗಿಯರೇ, ನನ್ನ ಹಾಗೆ ಹೆದರಿಕೊಂಡು ವಿಜ್ಞಾನ ಬಿಡಬೇಡಿ. ನಿಮಗೆ ಪಾಠ ಹೇಳೋಕೆ ಸಂಘದ ಕಟ್ಟಡದಲ್ಲಿ ಸಂಜೆ ಒಂದು ಗಂಟೆ ಜಾಗ ಬೇಕು, ಅಷ್ಟೇ.

ಮೂರು. ಕಾಡಿನಿಂದ ಕೀಳೋ ಬದಲು ನಮ್ಮ ಹಿತ್ತಲಲ್ಲಿ, ಬದುವಿನಲ್ಲಿ ಮಾಗಳಿ ಬೆಳೆಯೋಕೆ ಆಗುತ್ತಾ ಅಂತ ನೋಡೋಣ. ಸಸಿ ಎಲ್ಲಿ ಸಿಗುತ್ತೆ ಅಂತ ವಿಚಾರಿಸೋಕೆ ಸಂಘದ ಹೆಸರಲ್ಲಿ ಮೈಸೂರಿಗೆ ಒಂದು ಪತ್ರ ಬರೆಯೋಣ. ಪತ್ರ ನಾನು ಬರೀತೀನಿ. ಬಿ.ಎ. ಓದಿದ್ದು ಅಷ್ಟಕ್ಕಾದರೂ ಬರಲಿ.

ಮೇಡಂ ಹೇಳಿದ್ದನ್ನೆಲ್ಲ ಮನೆಗೆ ಬಂದು ಅಜ್ಜಿಗೆ ಹೇಳಿದೆ. ಮೈಸೂರಲ್ಲಿ ಮಾಗಳಿ ಬಾಟಲಿಯಲ್ಲಿ ಬಂದಿದೆಯಂತೆ ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಗಿಡ ಅವ್ರು ಮಾಡ್ಕೊಡ್ಲಿ. ಎಲ್ಲಿ ನೆಡಬೇಕು ಅನ್ನೋದು ನಾನು ತೋರಿಸ್ತೀನಿ. ಮೊಣಕಾಲು ನೋವು, ನೀನೇ ಕೈ ಹಿಡ್ಕೊಂಡು ಹತ್ತಿಸಬೇಕು" ಅಂದಳು.

ಅಜ್ಜಿ ಇಲ್ಲೇ ಮುಂದಿನ ಸಾಲಲ್ಲಿ ಕೂತಿದ್ದಾಳೆ. ಬರೋ ಮಳೆಗಾಲದ ಒಳಗೆ ಆ ಪತ್ರ ಹೋಗಬೇಕು ಅಂತ ಸಂಘದ ಅಣ್ಣಂದಿರನ್ನು ಕೇಳಿಕೊಂಡು ನನ್ನ ಮಾತು ಮುಗಿಸ್ತೀನಿ.

ಎಲ್ಲರಿಗೂ ಜೈ ಭೀಮ್.